‘ನೀವೂ ಬನ್ನಿ’ ಎನ್ನುವವರ ಲೆಕ್ಕ



ರಾಜ್ಯೋತ್ಸವದ ನಾಟಕದ ತಾಲೀಮು ಮುಗಿದು ಎಲ್ಲರೂ ಕುರ್ಚಿ ಮಡಚಿಡುತ್ತಿದ್ದ ಹೊತ್ತು. ನಮ್ಮ ತಂಡದ ಒಬ್ಬ ಹುಡುಗಿ ಮೊಬೈಲು ಹಿಡಿದುಕೊಂಡು ನನ್ನ ಬಳಿ ಬಂದು ನಿಂತಳು. ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲವೂ ಮುಂಬಯಿಯಲ್ಲೇ. ಕನ್ನಡವನ್ನು ಅಜ್ಜಿಯಿಂದ ಕಲಿತವಳು. ಅಜ್ಜಿಯ ಅಡುಗೆ, ಅಜ್ಜಿಯ ಬೈಗುಳ, ಲೋಕಲ್ ಟ್ರೇನಿನಲ್ಲಿ ಕಿವಿಗೆ ಬಿದ್ದ ಕನ್ನಡ, ಇಂಥವನ್ನೆಲ್ಲ ಅರ್ಧ ನಿಮಿಷದ ರೀಲ್ಸ್ ಮಾಡಿ ಹಾಕುತ್ತಾಳೆ. ನಲವತ್ತು ಸಾವಿರ ಮಂದಿ ಅವಳನ್ನು ಫಾಲೋ ಮಾಡುತ್ತಾರಂತೆ. (ನಮ್ಮ ಸಂಘದ ವಾರ್ಷಿಕ ಮಹಾಸಭೆಗೆ ಕೋರಂ ಕೂಡಿಸಲು ನಾವು ಪಡುವ ಪಾಡು ನಿಮಗೆ ಗೊತ್ತೇ ಇದೆ!)

ಮೊಬೈಲಿನಲ್ಲಿ ಒಂದು ಹೊಸ ಆ್ಯಪ್ ಕಂಪನಿಯ ಪತ್ರವಿತ್ತು. ಹೆಸರು ಇಲ್ಲಿ ಬೇಡ. ‘ನೀವು ನಮ್ಮ ಪ್ಲಾಟ್‌ಫಾರ್ಮಿಗೆ ಬನ್ನಿ, ನಿಮ್ಮವರನ್ನೂ ಕರೆತನ್ನಿ’ ಎಂಬುದು ಅದರ ಸಾರಾಂಶ. ಪ್ಲಾಟ್‌ಫಾರ್ಮ್ ಎಂದರೆ ನನ್ನ ತಲೆಮಾರಿನವರಿಗೆ ಇವತ್ತಿಗೂ ದಾದರ್ ಸ್ಟೇಷನ್ನೇ ನೆನಪಾಗುತ್ತದೆ, ಅದಿರಲಿ. ಅವಳಿಗೊಂದು ಕೋಡ್ ಕೊಡುತ್ತಾರೆ. ಆ ಕೋಡ್ ಹಾಕಿ ಸೇರಿದ ಪ್ರತಿ ತಲೆಗೆ ಇಷ್ಟು ರೂಪಾಯಿ. ಶುರುವಿನಲ್ಲೇ ಸೇರಿದ್ದಕ್ಕಾಗಿ ಹೊಸಬರಿಗೆಲ್ಲ ಅವಳ ಹೆಸರನ್ನೇ ಮೊದಲು ತೋರಿಸುವ ಭರವಸೆ ಬೇರೆ. ಸಾಲದ್ದಕ್ಕೆ ಅವಳು ಹೇಳಬೇಕಾದ ಮಾತನ್ನೂ ಅವರೇ ಬರೆದುಕೊಟ್ಟಿದ್ದರು: ‘ಫ್ರೆಂಡ್ಸ್, ಇಲ್ಲಿ ನನಗೆ ನಮ್ಮ ಮನೆಗೆ ಬಂದ ಹಾಗಿದೆ, ನೀವೂ ಬನ್ನಿ.’ ದುಡ್ಡಿನ ವಿಷಯ ಆ ಮಾತಿನಲ್ಲಿ ಎಲ್ಲೂ ಇರಲಿಲ್ಲ.

“ಅಂಕಲ್, ಇದ್ರಲ್ಲಿ ತಪ್ಪೇನಿದೆ? ಆ್ಯಪ್ ಚೆನ್ನಾಗೇ ಇದೆ. ನಾನೇನೂ ಸುಳ್ಳು ಹೇಳ್ತಾ ಇಲ್ವಲ್ಲ?” ಎಂದು ಕೇಳಿದಳು.

ಪ್ರಶ್ನೆ ನ್ಯಾಯವಾಗಿತ್ತು. ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. “ಮುಂದಿನ ಭಾನುವಾರ ಹೇಳ್ತೀನಮ್ಮ” ಎಂದು ತಪ್ಪಿಸಿಕೊಂಡೆ. ಟ್ರೇನಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಮನೆ ತಲುಪುವವರೆಗೂ ಅದನ್ನೇ ಯೋಚಿಸಿದೆ. ನಿಮ್ಮಲ್ಲಿ ಅನೇಕರು ದಿನಕ್ಕೆ ಹತ್ತು ಸಲ ಇಂಥ ‘ನೀವೂ ಬನ್ನಿ’ ಎಂಬ ಕರೆ ಕೇಳುವವರು. ಕೆಲವರು ಆ ಕರೆ ಕೊಡುವವರೂ ಆಗಿದ್ದೀರಿ. ಆದ್ದರಿಂದ ಈ ಸಲದ ಪತ್ರ ಅದರ ಬಗ್ಗೆಯೇ ಇರಲಿ.

ಮೊದಲು ನನ್ನದೇ ಒಂದು ಕತೆ. 1994ರಲ್ಲಿ ನಾವು ಚಾಳಿನ ಒಂದೂವರೆ ಕೋಣೆ ಬಿಟ್ಟು ಸ್ವಂತ ಮನೆ ಮಾಡುವ ಯೋಚನೆಯಲ್ಲಿದ್ದೆವು. ಊರ ಕಡೆಯ ಹಿರಿಯರೊಬ್ಬರು, ಎಲ್ಲರೂ ‘ಮಾಸ್ಟ್ರು’ ಎಂದು ಗೌರವದಿಂದ ಕರೆಯುತ್ತಿದ್ದವರು, ಒಂದು ಸಂಜೆ ಮನೆಗೆ ಬಂದರು. ಡೊಂಬಿವಲಿಯ ಆಚೆ ಹೊಸ ಕಟ್ಟಡವೊಂದು ಏಳುತ್ತಿದೆ ಎಂದರು. “ನಾನೂ ಒಂದು ಬುಕ್ ಮಾಡಿದ್ದೇನೆ ಮಾರಾಯ್ರೆ, ನೀವೂ ಬನ್ನಿ. ನಮ್ಮವರದ್ದೇ ಹತ್ತು ಮನೆ ಆದರೆ ಚೌತಿ ಒಟ್ಟಿಗೆ ಮಾಡಬಹುದು.” ಹೋದೆವು. ಮಾಸ್ಟ್ರು ಹೇಳಿದ ಒಂದು ಮಾತೂ ಸುಳ್ಳಾಗಲಿಲ್ಲ. ಅವರು ನಿಜವಾಗಿಯೂ ಬುಕ್ ಮಾಡಿದ್ದರು. ಚೌತಿಯೂ ಒಟ್ಟಿಗೇ ನಡೆಯಿತು, ಇಂದಿಗೂ ನಡೆಯುತ್ತಿದೆ. ಆದರೆ ಆರು ವರ್ಷ ನಲ್ಲಿಯಲ್ಲಿ ನೀರು ಬರಲಿಲ್ಲ. ಟ್ಯಾಂಕರ್ ಬಂದ ದಿನ ಸ್ನಾನ, ಬಾರದ ದಿನ ದೇವರೇ ಗತಿ. ಆ ಮೇಲೆ ತಿಳಿದದ್ದೇನೆಂದರೆ, ಮಾಸ್ಟ್ರು ಕರೆತಂದ ಪ್ರತಿ ಮನೆಗೂ ಅವರ ಸ್ವಂತ ಮನೆಯ ಬೆಲೆಯಲ್ಲಿ ಇಷ್ಟಿಷ್ಟು ಕಡಿತವಾಗಿತ್ತು!

ಅವರ ಮೇಲೆ ನನಗೆ ಈಗ ಸಿಟ್ಟಿಲ್ಲ. ಅವರಿಗೂ ಮನೆ ಬೇಕಿತ್ತು, ಮಗಳ ಮದುವೆ ಎದುರಿಗಿತ್ತು. ಆದರೆ ಒಂದು ಮಾತು ಮಾತ್ರ ಮೂವತ್ತು ವರ್ಷ ಕಳೆದರೂ ನನ್ನನ್ನು ಕೊರೆಯುತ್ತದೆ. ಅವರು ದಲಾಲಿ ತೆಗೆದುಕೊಳ್ಳುತ್ತಿದ್ದಾರೆ ಎಂದು ಗೊತ್ತಿದ್ದರೆ ನಾನು ನೀರಿನ ಬಗ್ಗೆ ಕೇಳುತ್ತಿದ್ದೆ. ದಲಾಲಿಯೊಡನೆ ಯಾರೂ ಸುಮ್ಮನೆ ತಲೆಯಾಡಿಸುವುದಿಲ್ಲ. ನೀರು ಎಲ್ಲಿಂದ, ಎಷ್ಟು ಹೊತ್ತು, ಕಾಗದ ತೋರಿಸಿ ಎನ್ನುತ್ತಾರೆ. ಮಾಸ್ಟ್ರು ನಮ್ಮವರಾಗಿ, ಚಹಾ ಕುಡಿಯುತ್ತ, ಚೌತಿಯ ಮಾತಾಡುತ್ತ ಕರೆದರು. ಕೇಳಬೇಕಾದ ಪ್ರಶ್ನೆ ನನ್ನ ಬಾಯಿಗೇ ಬರಲಿಲ್ಲ.

ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲೇ ಎಲ್ಲೋ ಇದೆ ಎಂದು ನನಗೆ ಅನಿಸಿತು. ಅವಳು ಸುಳ್ಳು ಹೇಳುತ್ತಿಲ್ಲ, ನಿಜ. ಆದರೆ ಅವಳ ಮಾತು ಕೇಳುವವರು ನೀರಿನ ಪ್ರಶ್ನೆ ಕೇಳುವುದಿಲ್ಲ.

ಇನ್ನು, ಇಷ್ಟು ದೊಡ್ಡ ಕಂಪನಿಗಳಿಗೆ ಇವಳಂಥವರು ಏಕೆ ಬೇಕು? ಕಾರಣ ಸರಳ. ಸಾಬೂನು ಕೊಂಡರೆ ಒಬ್ಬನೇ ಕೊಂಡರೂ ಕೊಳೆ ಹೋಗುತ್ತದೆ. ಸಾಮಾಜಿಕ ಜಾಲತಾಣ ಹಾಗಲ್ಲ. ಅಲ್ಲಿ ಜನರೇ ಸರಕು. ಮಾತಾಡಲು ಯಾರೂ ಇಲ್ಲದ ಕಡೆ ಯಾರು ಹೋಗುತ್ತಾರೆ? ಕಾರ್ಯಕ್ರಮದ ದಿನ ಹಾಲ್ ಖಾಲಿ ಕಾಣಬಾರದೆಂದು ನಾವು ಮನೆಮಂದಿಯನ್ನೇ ಮೊದಲ ಎರಡು ಸಾಲಿನಲ್ಲಿ ಕೂರಿಸುವುದಿಲ್ಲವೇ? ಅದೇ ಉಪಾಯ. ಮುಂದಿನ ಸಾಲಿನಲ್ಲಿ ಕೂರುವವರಿಗೆ ಕೆಲವೊಮ್ಮೆ ದುಡ್ಡು ಸಿಗುತ್ತದೆ, ಕೆಲವೊಮ್ಮೆ ಕಂಪನಿಯಲ್ಲಿ ಪಾಲು. ಅನೇಕ ಸಲ ಎರಡೂ ಅಲ್ಲ, ಆ ಮುಂದಿನ ಸಾಲೇ ಸಂಬಳ.

ಮುಂದಿನ ಸಾಲಿನ ಬೆಲೆ ಎಷ್ಟೆಂದು ತಿಳಿಯಬೇಕಾದರೆ 2009ಕ್ಕೆ ಹೋಗಬೇಕು. ಆಗ ಟ್ವಿಟರ್ ಹೊಸದಾಗಿ ಸೇರುವವರಿಗೆ ‘ಇವರನ್ನು ಫಾಲೋ ಮಾಡಿ’ ಎಂದು ಒಂದು ಪಟ್ಟಿ ತೋರಿಸುತ್ತಿತ್ತು. ಆ ಪಟ್ಟಿಯಲ್ಲಿದ್ದವರಿಗೆ ಕೂತಲ್ಲೇ ಲಕ್ಷಗಟ್ಟಲೆ ಹಿಂಬಾಲಕರು. ಅಮೆರಿಕದ ಉದ್ಯಮಿ ಜೇಸನ್ ಕ್ಯಾಲಕಾನಿಸ್ ಆ ಪಟ್ಟಿಯಲ್ಲಿ ಎರಡು ವರ್ಷದ ಜಾಗಕ್ಕೆ 2,50,000 ಡಾಲರ್ ಕೊಡುತ್ತೇನೆ ಎಂದು ಬಹಿರಂಗವಾಗಿಯೇ ಹೇಳಿದರು. ಪಟ್ಟಿ ಮಾರಾಟಕ್ಕಿರಲಿಲ್ಲ ಬಿಡಿ. ಆದರೆ ಪುಕ್ಕಟೆ ಕಾಣುವ ಒಂದು ಜಾಗದ ಬೆಲೆಯನ್ನು ಅಂದು ಒಬ್ಬರಾದರೂ ಬಾಯಿಬಿಟ್ಟು ಹೇಳಿದಂತಾಯಿತು. ‘ನನಗೆ ಒಂದು ಪೈಸೆಯೂ ಬಂದಿಲ್ಲ’ ಎಂದು ಯಾರಾದರೂ ಹೊಸ ತಾಣಕ್ಕೆ ನಿಮ್ಮನ್ನು ಕರೆದಾಗ ಈ ಅಂಕಿ ನೆನಪಿಟ್ಟುಕೊಳ್ಳಿ. ಪೈಸೆ ಬಂದಿರಲಿಕ್ಕಿಲ್ಲ. ಹಳೆಯ ಕಡೆ ಅವರು ಹತ್ತು ಸಾವಿರದವರಲ್ಲಿ ಒಬ್ಬರು. ಹೊಸ ಕಡೆ ನೀವೆಲ್ಲ ಬಂದರೆ ಅವರು ಊರ ಪಟೇಲರು.

ಲಾಕ್‌ಡೌನ್ ಕಾಲದ ಕ್ಲಬ್‌ಹೌಸ್ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. 2020ರಲ್ಲಿ ಅಮೆರಿಕದಲ್ಲಿ ಶುರುವಾದ, ಬರೀ ಧ್ವನಿಯ ಹರಟೆಕಟ್ಟೆ. ಮೊದಲು ಐಫೋನ್ ಇದ್ದವರಿಗೆ ಮಾತ್ರ, ಅದೂ ಒಳಗಿದ್ದವರು ಕರೆದರೆ ಮಾತ್ರ. ನಿಮ್ಮನ್ನು ಕರೆತಂದವರ ಹೆಸರು ನಿಮ್ಮ ಪರಿಚಯದ ಕೆಳಗೆ ಉಳಿಯುತ್ತಿತ್ತು, ಮದುವೆ ಕಾಗದದಲ್ಲಿ ‘ಸುಖಾಗಮನ ಬಯಸುವವರು’ ಎಂದು ಹಾಕಿದ ಹಾಗೆ. ಬೇರೆಯವರನ್ನು ಕರೆಯಬೇಕಾದರೆ ಫೋನಿನಲ್ಲಿರುವ ಎಲ್ಲ ನಂಬರುಗಳನ್ನೂ ಆ್ಯಪಿಗೆ ತೆರೆದಿಡಬೇಕಿತ್ತು. ನಿಮ್ಮ ಅತ್ತೆಯ ನಂಬರು, ಡಾಕ್ಟರ ನಂಬರು, ಎಲ್ಲವನ್ನೂ. ಅದರಲ್ಲಿ ಹಣ ಹೂಡಿದ್ದ ಆಂಡ್ರೀಸನ್ ಹೊರೊವಿಟ್ಜ್ ಸಂಸ್ಥೆಯ ಮುಖ್ಯಸ್ಥರೇ ಅಲ್ಲಿ ಕೂತು ಕಾರ್ಯಕ್ರಮ ನಡೆಸುತ್ತಿದ್ದರು. ಅದು ಗುಟ್ಟೇನೂ ಆಗಿರಲಿಲ್ಲ. ಹೋಟೆಲಿನ ಯಜಮಾನರೇ ಮುಂದಿನ ಮೇಜಿನಲ್ಲಿ ಕೂತು ‘ದೋಸೆ ಬಹಳ ಚೆನ್ನಾಗಿದೆ’ ಎಂದ ಹಾಗೆ. ಅವರು ಯಜಮಾನರು ಎಂದು ತಿಳಿದವರಿಗೆ ಮೋಸವಿಲ್ಲ. ದೋಸೆ ನಿಜಕ್ಕೂ ಚೆನ್ನಾಗಿರಲೂಬಹುದು. ತಿಳಿಯದೆ ಬಂದ ಗಿರಾಕಿಯ ಕತೆ ಬೇರೆ. 2021ರ ಮೇ ತಿಂಗಳಲ್ಲಿ ಆಂಡ್ರಾಯ್ಡಿಗೂ ಬಂದಾಗ ನಮ್ಮವರೂ ಒಂದಷ್ಟು ಮಂದಿ ಸೇರಿ ರಾತ್ರಿ ಹನ್ನೊಂದರವರೆಗೆ ಯಕ್ಷಗಾನದ ಚರ್ಚೆ ಮಾಡಿದ್ದುಂಟು. ಖುಷಿಯಾಗಿತ್ತು, ಸುಳ್ಳೇಕೆ ಹೇಳಲಿ? ಊರು ತೆರೆದ ಮೇಲೆ ಜನ ಚದುರಿದರು. 2023ರಲ್ಲಿ ಆ ಕಂಪನಿ ಅರ್ಧಕ್ಕಿಂತ ಹೆಚ್ಚು ನೌಕರರನ್ನು ಮನೆಗೆ ಕಳಿಸಿತು.

ಇನ್ನೊಂದು ಉದಾಹರಣೆ ವಿಡಿಯೋ ಗೇಮಿನವರದ್ದು, ಚುಟುಕಾಗಿ ಹೇಳುತ್ತೇನೆ. ‘ನಿಂಜಾ’ ಎಂಬ ಹೆಸರಿನ ಅಮೆರಿಕದ ಆಟಗಾರ, ಟ್ವಿಚ್ ತಾಣದಲ್ಲಿ 1 ಕೋಟಿ 40 ಲಕ್ಷಕ್ಕೂ ಹೆಚ್ಚು ಹಿಂಬಾಲಕರಿದ್ದವನು, 2019ರ ಆಗಸ್ಟಿನಲ್ಲಿ ಒಪ್ಪಂದ ಮಾಡಿಕೊಂಡು ಮೈಕ್ರೋಸಾಫ್ಟಿನ ಮಿಕ್ಸರ್‌ಗೆ ಹೋದ. ಅಭಿಮಾನಿಗಳೂ ಗಂಟುಮೂಟೆ ಕಟ್ಟಿದರು. ಒಂದು ವರ್ಷ ತುಂಬುವ ಮೊದಲೇ, 2020ರ ಜುಲೈ 22ರಂದು ಮಿಕ್ಸರ್ ಬಾಗಿಲು ಹಾಕಿತು. ಸೆಪ್ಟೆಂಬರಿನಲ್ಲಿ ಅವನು ಟ್ವಿಚ್‌ಗೆ ವಾಪಸಾದ. ಅವನಿಗೆ ಹೋಗಲೂ ದಾರಿಯಿತ್ತು, ಬರಲೂ ದಾರಿಯಿತ್ತು. ಅವನನ್ನು ನಂಬಿಕೊಂಡು ಮಿಕ್ಸರ್‌ನಲ್ಲೇ ಪುಟ್ಟ ಅಂಗಡಿ ಹಾಕಿಕೊಂಡಿದ್ದ ಸಣ್ಣ ಆಟಗಾರರಿಗೆ ಯಾರ ಒಪ್ಪಂದ?

ಈಗ ನಮ್ಮ ಮನೆಯ ಅಂಗಳಕ್ಕೇ ಬರೋಣ. ಕೂ. ಬೆಂಗಳೂರಿನ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿಡವತ್ಕಾ 2020ರಲ್ಲಿ ಆರಂಭಿಸಿದ ತಾಣ. ಟ್ವಿಟರಿನಂಥದ್ದೇ, ಆದರೆ ನಮ್ಮ ಭಾಷೆಗಳಲ್ಲಿ. ಅದು ಮೊದಲು ಮಾತಾಡಿದ್ದೇ ಕನ್ನಡದಲ್ಲಿ! ಹೊರನಾಡಿನಲ್ಲಿ ಕೂತು ಅಂಗಡಿ ಬೋರ್ಡಿನ ಒಂದು ಕನ್ನಡ ಅಕ್ಷರ ಕಂಡರೂ ಹಿಗ್ಗುವ ನಮ್ಮಂಥವರಿಗೆ ಇದಕ್ಕಿಂತ ದೊಡ್ಡ ಕರೆ ಬೇಕೆ? ಅದೇ ವರ್ಷ ಆಗಸ್ಟಿನಲ್ಲಿ ಕೇಂದ್ರ ಸರಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನವೂ ಬಂತು. 2021ರ ಫೆಬ್ರವರಿಯಲ್ಲಿ, ರೈತ ಚಳವಳಿಗೆ ಸಂಬಂಧಿಸಿದ ಖಾತೆಗಳನ್ನು ಮುಚ್ಚುವ ವಿಷಯದಲ್ಲಿ ಸರಕಾರಕ್ಕೂ ಟ್ವಿಟರಿಗೂ ಜಟಾಪಟಿಯಾದಾಗ, ಕೇಂದ್ರ ಸಚಿವರು, ಇಲಾಖೆಗಳು, ಚಿತ್ರನಟರು ಒಬ್ಬರ ಹಿಂದೊಬ್ಬರು ‘ನಾನು ಕೂಗೆ ಬಂದಿದ್ದೇನೆ, ನೀವೂ ಬನ್ನಿ’ ಎಂದರು.

ಇಲ್ಲಿ ಸ್ವಾರ್ಥ ಎಂದರೆ ಏನು? ಯೋಚಿಸಿ ನೋಡಿ. ಸಚಿವರಿಗೆ ಯಾರೂ ತಲೆಗೆ ಇಷ್ಟು ಎಂದು ಕೊಟ್ಟಿರಲಿಕ್ಕಿಲ್ಲ. ಅವರಿಗೆ ಟ್ವಿಟರಿನ ಮೇಲೆ ಒತ್ತಡ ಹೇರುವುದಿತ್ತು; ನಾವು ಹೋದಷ್ಟೂ ಅವರ ಕೈ ಗಟ್ಟಿ. ಹೂಡಿಕೆದಾರರಿಗೆ ಜನ ಬಂದಷ್ಟೂ ಪಾಲಿನ ಬೆಲೆ ಏರುತ್ತದೆ. ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್ ಅವರೂ 2021ರಲ್ಲಿ ಇತರ ಕೆಲವರೊಡನೆ ಸೇರಿ, ಅದರಲ್ಲಿದ್ದ ಒಂದು ಚೀನೀ ಹೂಡಿಕೆ ಸಂಸ್ಥೆಯ ಪಾಲನ್ನು ಕೊಂಡರು. ಅದು ಪತ್ರಿಕೆಗಳಲ್ಲೇ ಬಂದ ಸುದ್ದಿ, ಮುಚ್ಚುಮರೆಯಿಲ್ಲ. ಹಾಗಿದ್ದರೇ ಚೆಂದ. ಇನ್ನು ಮೂರನೆಯ ಗುಂಪು, ನಮ್ಮಂಥವರು: ಕನ್ನಡ ಎಂದರೆ ಸಾಕು, ಲೆಕ್ಕಪತ್ರ ಕೇಳದೆ ಮುಂದೆ ನಿಂತು ಹತ್ತು ಜನರನ್ನು ಕೂಗಿ ಕರೆಯುವವರು. ನಮಗೆ ಏನೂ ಲಾಭವಿರಲಿಲ್ಲ ಎನ್ನುವಿರಾ? ‘ಕನ್ನಡಕ್ಕಾಗಿ ಮೊದಲು ಬಂದವನು ನಾನು’ ಎಂಬ ಹೆಮ್ಮೆ ಇತ್ತಲ್ಲ, ಅದೂ ಒಂದು ಕೂಲಿಯೇ.

ಒಂದು ಸೂಕ್ಷ್ಮವನ್ನು ಗಮನಿಸಿದ್ದೀರಾ? ‘ಕೂಗೆ ಬನ್ನಿ’ ಎಂಬ ಕರೆಯನ್ನು ಸಚಿವರು ಕೊಟ್ಟದ್ದು ಟ್ವಿಟರಿನಲ್ಲೇ. ಹೊಸ ಅಂಗಡಿಯ ಜಾಹೀರಾತು ಹಳೆಯ ಅಂಗಡಿಯ ಗೋಡೆಯ ಮೇಲೆ! ಅಷ್ಟರಮಟ್ಟಿಗೆ ಸರಿಯೇ, ಜನ ಇರುವಲ್ಲೇ ತಾನೆ ಕರೆಯಬೇಕು. ಆದರೆ ಕರೆದ ಗಣ್ಯರಲ್ಲಿ ಹೆಚ್ಚಿನವರು ಹಳೆಯ ಮನೆಯ ಬೀಗದ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡಿದ್ದರು. ನಾನೀಗ ಯಾರ ಕರೆಯನ್ನಾದರೂ ತೂಗುವಾಗ ಮೊದಲು ನೋಡುವುದು ಇದನ್ನೇ. ಅವರು ತಮ್ಮ ಒಲೆಯನ್ನು ಎಲ್ಲಿ ಹೂಡಿದ್ದಾರೆ? ಒಳ್ಳೆಯ ಕೆಲಸವನ್ನೆಲ್ಲ ಹಳೆಯ ಕಡೆ ಹಾಕಿ, ಹೊಸ ಕಡೆ ಅದರ ತಂಗಳು ಬಡಿಸುತ್ತಿದ್ದರೆ ಅವರಿಗೇ ನಂಬಿಕೆಯಿಲ್ಲ ಎಂದಾಯಿತು. ಆಮೇಲೆ, ಹೊಸ ತಾಣದ ಒಂದಾದರೂ ಕೊರತೆಯನ್ನು ಬಾಯಿಬಿಟ್ಟು ಹೇಳುತ್ತಾರೆಯೇ ಎಂದು ನೋಡುತ್ತೇನೆ. ನಿಜವಾಗಿ ಬಳಸಿದವನಿಗೆ ಕೊರತೆ ಗೊತ್ತಿರುತ್ತದೆ. ಕೊರತೆಯೇ ಇಲ್ಲದ ವರ್ಣನೆ ಎಂದರೆ ವಧೂವರರ ಜಾಹೀರಾತು. ಒಂದೇ ದಿನ ನಾಲ್ಕು ಜನ ಒಂದೇ ಮಾತಿನಲ್ಲಿ ‘ಮನೆಗೆ ಬಂದ ಹಾಗಿದೆ’ ಎಂದರಂತೂ ಆ ಮಾತು ಯಾರ ಮನೆಯಿಂದ ಬಂತು ಎಂದು ಬೇರೆ ಹೇಳಬೇಕಿಲ್ಲ.

ಕೂ 2024ರ ಜುಲೈನಲ್ಲಿ ನಿಂತುಹೋಯಿತು. ಬೇರೆ ಸಂಸ್ಥೆಗಳೊಡನೆ ಸೇರುವ ಮಾತುಕತೆ ಫಲಿಸಲಿಲ್ಲ, ತಾಂತ್ರಿಕ ಖರ್ಚು ಭರಿಸಲಾಗದು ಎಂದು ಸಂಸ್ಥಾಪಕರೇ ಬರೆದರು. ಏರುಗಾಲದಲ್ಲಿ ದಿನಕ್ಕೆ ಸುಮಾರು 21 ಲಕ್ಷ ಬಳಕೆದಾರರಿದ್ದರು ಎಂದ ಅದೇ ಪತ್ರದಲ್ಲಿ, 9,000ಕ್ಕೂ ಹೆಚ್ಚು ಗಣ್ಯರಿದ್ದರು ಎಂದೂ ಲೆಕ್ಕ ಕೊಟ್ಟಿದ್ದರು. ಗಣ್ಯರನ್ನು ಎಣಿಸಿ ಇಟ್ಟಿದ್ದರು ನೋಡಿ. ಮುಂದಿನ ಸಾಲಿನಲ್ಲಿ ಕೂತವರು ನೋಡುಗರೂ ಹೌದು, ಆಸ್ತಿಯೂ ಹೌದು. ಸಂಸ್ಥಾಪಕರನ್ನು ನಾನು ದೂರುವುದಿಲ್ಲ. ನಮ್ಮ ಭಾಷೆಯಲ್ಲಿ ಅಷ್ಟು ದೊಡ್ಡ ಪ್ರಯತ್ನ ಮಾಡಿದವರು ಬೇರೆ ಯಾರಿದ್ದಾರೆ? ಮುಚ್ಚುವಾಗಲೂ ಕಾರಣ ಹೇಳಿಯೇ ಮುಚ್ಚಿದರು. ನನ್ನ ತಕರಾರು ನಮ್ಮ ಬಗ್ಗೆಯೇ. ‘ನಮ್ಮ ಭಾಷೆಯದು’ ಎಂದೊಡನೆ ನಾವು ನೀರಿನ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಈ ತಾಣಕ್ಕೆ ಆದಾಯ ಎಲ್ಲಿಂದ? ಬಾಗಿಲು ಹಾಕಿದರೆ ನಾನು ಬರೆದದ್ದನ್ನೆಲ್ಲ ಇಳಿಸಿಕೊಂಡು ಹೋಗಬಹುದೇ? ನನ್ನ ಫೋನಿನ ನಂಬರುಗಳನ್ನು ಏಕೆ ಕೇಳುತ್ತೀರಿ? ಇವೇ ನೀರಿನ ಪ್ರಶ್ನೆಗಳು. ಕೇಳಿದರೆ ಕನ್ನಡಕ್ಕೆ ಅಪಚಾರವಾಗುವುದಿಲ್ಲ.

ಕಾನೂನು ಏನನ್ನುತ್ತದೆ ಎಂದು ಕೆಲವರು ಕೇಳಬಹುದು. ಇದೆ. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಇನ್‌ಫ್ಲುಯೆನ್ಸರ್‌ಗಳಿಗೆಂದೇ ಮಾರ್ಗಸೂಚಿ ಹೊರಡಿಸಿತು. ದುಡ್ಡು ಮಾತ್ರವಲ್ಲ, ಉಚಿತ ವಸ್ತು, ಪ್ರವಾಸ, ಕಂಪನಿಯಲ್ಲಿ ಪಾಲು, ನೌಕರಿ ಅಥವಾ ಕುಟುಂಬದ ಸಂಬಂಧ ಇದ್ದರೂ ಅದನ್ನು ಸರಳ ಮಾತಿನಲ್ಲಿ, ಎದ್ದು ಕಾಣುವಂತೆ ಹೇಳಬೇಕು. ಹ್ಯಾಷ್‌ಟ್ಯಾಗುಗಳ ಗುಂಪಿನಲ್ಲಿ ಹುದುಗಿಸಬಾರದು. ತಪ್ಪು ದಾರಿಗೆಳೆಯುವ ಪ್ರಚಾರಕ್ಕೆ ಗ್ರಾಹಕ ರಕ್ಷಣಾ ಕಾಯಿದೆಯ ಪ್ರಕಾರ 10 ಲಕ್ಷ ರೂಪಾಯಿವರೆಗೆ ದಂಡ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಒಳ್ಳೆಯದೇ. ಆದರೆ ‘ಹೊಸಬರಿಗೆ ನಿನ್ನ ಹೆಸರನ್ನೇ ಮೊದಲು ತೋರಿಸುತ್ತೇವೆ’ ಎಂಬ ಕೂಲಿಯನ್ನು ಬಹಳ ಜನ ಕೂಲಿ ಎಂದೇ ಎಣಿಸುವುದಿಲ್ಲ. ತಾನೇ ಎಣಿಸದ್ದನ್ನು ಯಾರು ಹೇಳಿಕೊಳ್ಳುತ್ತಾರೆ?

ನೀವು ಕೇಳಬಹುದು: ‘ಅಂಕಲ್, ಹಾಗಾದರೆ ಯಾರನ್ನೂ ನಂಬಲೇಬಾರದಾ?’ ಅಯ್ಯೋ, ಹಾಗಲ್ಲ. ಸ್ವಾರ್ಥವಿದ್ದ ಮಾತ್ರಕ್ಕೆ ಮಾತು ಸುಳ್ಳಾಗುವುದಿಲ್ಲ. ಮಾಸ್ಟ್ರ ಕಟ್ಟಡ ಇಂದಿಗೂ ಗಟ್ಟಿಯಾಗಿ ನಿಂತಿದೆ, ನಾನು ಈ ಪತ್ರ ಬರೆಯುತ್ತಿರುವುದೂ ಅಲ್ಲಿಂದಲೇ. ಸ್ವಾರ್ಥವಿಲ್ಲದ ಮಾತ್ರಕ್ಕೆ ಮಾತು ನಿಜವೂ ಆಗುವುದಿಲ್ಲ. 2021ರಲ್ಲಿ ಕನ್ನಡಕ್ಕಾಗಿ ಕೂಗಿ ಕರೆದ ನಾವೆಲ್ಲ ಪ್ರಾಮಾಣಿಕರೇ ಆಗಿದ್ದೆವು. ನಾನು ಬಂದರೆ ಮಾತ್ರ ಇವರಿಗೆ ಸಿಗುವಂಥದ್ದು ಏನು ಎಂದು ಒಮ್ಮೆ ಕೇಳಿಕೊಳ್ಳಿ. ಉತ್ತರ ದೊಡ್ಡದಾದಷ್ಟೂ ನಿಮ್ಮ ಪ್ರಶ್ನೆಗಳೂ ಹೆಚ್ಚಲಿ. ಅಷ್ಟು ಕೇಳಿಯೂ ಇಷ್ಟವಾದರೆ ಸಂತೋಷದಿಂದ ಹೋಗಿ.

ಹೇಳಿದ ಮಾತಿನಂತೆ ಮುಂದಿನ ಭಾನುವಾರ ಹುಡುಗಿಗೆ ಇಷ್ಟನ್ನೂ ಹೇಳಿದೆ. ಮಾಸ್ಟ್ರ ಕತೆ ಕೇಳಿ ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ನನ್ನ ಫಾಲೋವರ್ಸಲ್ಲಿ ಅರ್ಧ ಜನ ನಮ್ಮೋರೇ ಅಂಕಲ್. ಊರಿನ ದೊಡ್ಡಮ್ಮಂದಿರು, ಸಂಘದ ಆಂಟಿಗಳು. ನಾನು ಹೇಳಿದ್ರೆ ಯೋಚ್ನೆ ಮಾಡ್ದೆ ಒತ್ತಿಬಿಡ್ತಾರೆ” ಎಂದಳು.

ಅದೇ ರಾತ್ರಿ ಅವಳು ಕಂಪನಿಗೆ ಬರೆದಳಂತೆ. ವಿಡಿಯೋದ ಶುರುವಿನಲ್ಲೇ ಕನ್ನಡದಲ್ಲಿ ಎರಡು ಮಾತು ಹೇಳುತ್ತೇನೆ: ಈ ಕೋಡ್ ಹಾಕಿ ನೀವು ಸೇರಿದರೆ ನನಗೆ ದುಡ್ಡು ಸಿಗುತ್ತದೆ, ನಾನು ನನ್ನ ಹಳೆಯ ಅಕೌಂಟ್ ಮುಚ್ಚುತ್ತಿಲ್ಲ. ಒಪ್ಪಿಗೆಯೇ? ಮೂರು ದಿನ ಬಿಟ್ಟು ಉತ್ತರ ಬಂತು. ಮೊದಲನೆಯ ಮಾತನ್ನು ಕೊನೆಯಲ್ಲಿ ಸಣ್ಣಕ್ಷರದಲ್ಲಿ ಹಾಕಬಹುದು, ಎರಡನೆಯದು ಬೇಡ.

ಅವಳಿನ್ನೂ ತೀರ್ಮಾನ ಮಾಡಿಲ್ಲ. ದುಡ್ಡು ಸಣ್ಣದಲ್ಲ, ಕಾಲೇಜಿನ ಒಂದು ಸೆಮಿಸ್ಟರಿನ ಫೀಸಿನಷ್ಟು ಆಗುತ್ತದೆ. ನಾನೂ ಒತ್ತಾಯ ಮಾಡಿಲ್ಲ. ಮನೆಯಲ್ಲಿ ಅಜ್ಜಿಯ ಮುಂದೆ ವಿಷಯ ಇಟ್ಟಾಗ ಅಜ್ಜಿ ಕನ್ನಡಕ ಏರಿಸಿಕೊಂಡು ಆ ಪತ್ರವನ್ನು ಎರಡು ಸಲ ಓದಿಸಿ ಕೇಳಿದರಂತೆ. “ನಾನು ಸೇರಿದ್ರೂ ನಿನಗೆ ದುಡ್ಡು ಬರ್ತದಾ?”

“ಬರ್ತದೆ ಅಜ್ಜಿ.”

“ಹಾಗಾದ್ರೆ ನನ್ನ ಪಾಲು ಎಷ್ಟು ಅಂತ ಮೊದಲು ಹೇಳು.”